ಎಣಿಸುತ್ತಲೇ ಹೊತ್ತು ಅಳೆಯುವ ಚಿಪ್



ನಮ್ಮ ಅಕ್ಕಲಕೋಟೆ, ಜತ್ತ ಭಾಗದ ಹಳ್ಳಿಗಳಲ್ಲಿ ಹತ್ತನೆಯ ಇಯತ್ತೆವರೆಗೆ ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳು ಮುಂದೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆಂದು ಪಟ್ಟಣಕ್ಕೆ ಹೋಗುತ್ತಾರೆ. ಅಲ್ಲಿ ಪುಸ್ತಕ ಇಂಗ್ಲಿಷಿನದು, ಗುರುಗಳ ಮಾತು ಮರಾಠಿಯದು, ಹುಡುಗನ ತಲೆಯೊಳಗಿನ ವಿಚಾರ ಮಾತ್ರ ಕನ್ನಡದ್ದು. ಈ ಮೂರೂ ಒಂದು ಕಡೆ ಕೂಡದೆ ಇದ್ದಾಗ ಉಳಿಯುವುದು ಬಾಯಿಪಾಠ ಒಂದೇ. ಅಂಥ ಬಾಯಿಪಾಠಕ್ಕೆ ಹೆಸರಾದ ಒಂದು ಅಧ್ಯಾಯವಿದೆ. ಅದು 8253 ಎಂಬ ಚಿಪ್ಪಿನ ಆರು ರೀತಿಗಳ ಅಧ್ಯಾಯ. ನಮ್ಮ ಓಣಿಯ ಮಕ್ಕಳು ರೀತಿ ಸೊನ್ನೆ, ರೀತಿ ಒಂದು, ರೀತಿ ಎರಡು ಎಂದು ಮಗ್ಗಿ ಹೇಳಿದಂತೆ ಹೇಳುವುದನ್ನು ಕೇಳಿದ್ದೇನೆ. ಮೌಖಿಕ ಪರೀಕ್ಷೆಯಲ್ಲಿ "ಇದನ್ನು ಎಲ್ಲಿ ಬಳಸುತ್ತೀ?" ಎಂದು ಕೇಳಿದರೆ ನೆಲ ನೋಡುತ್ತ ನಿಲ್ಲುತ್ತಾರೆ. ಒಂದು ವರ್ಷ ಹಿಂದೆ ಬಿದ್ದ ಹುಡುಗಿಗೆ ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದುದರಿಂದ ಇವತ್ತಿನ ಹದಿನೈದಿಪ್ಪತ್ತು ನಿಮಿಷ ಈ ಚಿಪ್ಪಿಗೇ ಮೀಸಲು. ನಾನು ಮೆಟ್ರಿಕ್‌ವರೆಗೆ ಓದಿದವನು, ಇಂಜಿನಿಯರನಲ್ಲ. ಆದರೆ ಇದು ಎಣಿಕೆಯ ವಿಷಯ, ಮತ್ತು ಎಣಿಕೆ ಬ್ಯಾಂಕಿನ ಗುಮಾಸ್ತನಿಗೆ ಹೊರಗಿನದಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಈ ಚಿಪ್ಪಿಗೆ ಕೌಂಟರ್-ಟೈಮರ್ ಎಂದು ಜೋಡಿ ಹೆಸರು. ಎಣಿಸುವುದು ಒಂದು ಕೆಲಸ, ಹೊತ್ತು ಅಳೆಯುವುದು ಇನ್ನೊಂದು ಕೆಲಸ, ಎರಡೂ ಒಂದೇ ಚಿಪ್ಪಿನಲ್ಲಿ ಹೇಗೆ? ಮರಾಠಿಯಲ್ಲಿ ಮೋಜಣೆ ಎಂಬ ಒಂದೇ ಮಾತು ಎಣಿಸುವುದಕ್ಕೂ ಆಗುತ್ತದೆ, ಅಳೆಯುವುದಕ್ಕೂ ಆಗುತ್ತದೆ. ಹೊಲದ ಮೋಜಣಿ ಎಂದು ನಾವೂ ಆಡುತ್ತೇವೆ. ಕನ್ನಡದಲ್ಲಿ ಎಣಿಸು ಬೇರೆ, ಅಳೆ ಬೇರೆ. ಈ ಚಿಪ್ಪಿನ ವಿಷಯದಲ್ಲಿ ನನಗೆ ಮರಾಠಿ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಸೋಲಾಪುರದ ಟವೆಲ್ ಮಗ್ಗದ ಮೇಲೆ ಹೊಕ್ಕು ಎಣಿಸುವ ಒಂದು ಸಣ್ಣ ಯಂತ್ರ ಇರುತ್ತದೆ. ಪ್ರತಿ ಹೊಕ್ಕಿಗೂ ಒಂದಂಕಿ ಮುಂದೆ ಹೋಗುತ್ತದೆ. ಅದು ಬರೀ ಎಣಿಕೆ. ಈಗ ಆ ಮಗ್ಗ ನಿಮಿಷಕ್ಕೆ ಸರಿಯಾಗಿ ನೂರು ಹೊಕ್ಕು, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ, ಹೀಗೆ ನಡೆಯುತ್ತದೆ ಎಂದು ಇಟ್ಟುಕೊಳ್ಳಿ. ಆಗ ಅಂಕಿ ಐನೂರು ಮುಂದೆ ಹೋದರೆ ಐದು ನಿಮಿಷ ಆಯಿತು ಎಂದೇ ಅರ್ಥ. ಎಣಿಸಲು ಬರುವ ಪೆಟ್ಟುಗಳು ಸಮನಾಗಿ ಬಂದರೆ ಎಣಿಕೆಯೇ ಗಡಿಯಾರ. ಚಿಪ್ಪಿಗೆ ಈ ಸಮನಾದ ಪೆಟ್ಟು ಕೊಡುವುದು ಸ್ಫಟಿಕದ ಹರಳು. ಅದೇ ಕ್ಲಾಕ್.

ನಮ್ಮ ಹಿರಿಯರ ಗಳಿಗೆ ಬಟ್ಟಲು ನೆನಪು ಮಾಡಿಕೊಳ್ಳಿ. ತಳಕ್ಕೆ ಸಣ್ಣ ತೂತು ಇರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು, ನೀರು ತುಂಬಿ ಅದು ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅರವತ್ತು ಗಳಿಗೆಗೆ ಒಂದು ದಿನ. ಮದುವೆಯ ಮುಹೂರ್ತಕ್ಕೆ ಅದನ್ನು ಇಡುತ್ತಿದ್ದರು. ಮರಾಠಿಯವರು ಘಟಿಕಾಪಾತ್ರ ಎನ್ನುತ್ತಾರೆ. 8253 ಎಂದರೆ ಅಂಥ ಮೂರು ಬಟ್ಟಲುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ. ಬಟ್ಟಲಿನ ತೂತು ಮಾತ್ರ ನಾವು ಬೇಕಾದಾಗ ಬೇಕಾದಷ್ಟು ಬದಲಿಸಬಹುದಾದದ್ದು. ಪ್ರೋಗ್ರಾಮ್ ಮಾಡಬಹುದಾದ ಎಂಬ ಮಾತಿನ ಹೂರಣ ಇಷ್ಟೇ.

ಈ ಚಿಪ್ಪನ್ನು ಮಾಡಿದವರು ಅಮೆರಿಕದ ಇಂಟೆಲ್ ಕಂಪನಿ. 24 ಕಾಲುಗಳ ಕರಿ ಜಿರಲೆಯಂಥ ವಸ್ತು, ಐದು ವೋಲ್ಟಿನ ಮೇಲೆ ನಡೆಯುತ್ತದೆ. ಒಳಗೆ ಮೂರು ಎಣಿಕೆಗಾರರು, ಅವರ ಹೆಸರು ಸೊನ್ನೆ, ಒಂದು, ಎರಡು. ಒಬ್ಬೊಬ್ಬನಿಗೂ ಮೂರು ತಂತಿ. ಎಣಿಸಬೇಕಾದ ಪೆಟ್ಟು ಬರುವ ತಂತಿ ಕ್ಲಾಕ್. ಎಣಿಸು, ತಡೆ ಎಂದು ಹೊರಗಿನಿಂದ ಹೇಳುವ ತಂತಿ ಗೇಟ್. ಎಣಿಕೆಯ ಫಲವನ್ನು ಹೊರಗೆ ತೋರಿಸುವ ತಂತಿ ಔಟ್. ಇವರು ಮೇಲಿನಿಂದ ಕೆಳಗೆ ಎಣಿಸುವವರು. ನೂರು ಎಂದು ಕೊಟ್ಟರೆ ತೊಂಬತ್ತೊಂಬತ್ತು, ತೊಂಬತ್ತೆಂಟು ಎಂದು ಇಳಿಯುತ್ತ ಸೊನ್ನೆಗೆ ಬರುತ್ತಾರೆ. ಒಬ್ಬ ಎಣಿಕೆಗಾರನಿಗೆ ಹದಿನಾರು ಮನೆಗಳು. ಪ್ರತಿ ಮನೆಯಲ್ಲಿ ಸೊನ್ನೆ ಇಲ್ಲವೆ ಒಂದು. ಆದ್ದರಿಂದ ಅತಿ ಹೆಚ್ಚೆಂದರೆ 65536 ಎಣಿಕೆ. ಈ 65536 ಬೇಕಾದರೆ ಸೊನ್ನೆ ಎಂದು ಬರೆದು ಕೊಡಬೇಕು. ಮೊದಲ ಪೆಟ್ಟಿಗೆ ಸೊನ್ನೆಯಿಂದ ಕೆಳಗಿಳಿದು 65535 ಆಗುತ್ತದೆ, ಮೋಟಾರ್ ಸೈಕಲ್ಲಿನ ಮೀಟರನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ ಎಲ್ಲ ಒಂಬತ್ತು ಬರುವಂತೆ. ಬೇಕೆಂದರೆ ನಮ್ಮ ದಿನಬಳಕೆಯ ದಶಮಾನದಲ್ಲೂ ಎಣಿಸಲು ಹೇಳಬಹುದು. ಆಗ ಮಿತಿ 10000.

ಈಗ ರೀತಿಗಳು. ಪುಸ್ತಕಗಳು ಸೊನ್ನೆಯಿಂದ ಐದರವರೆಗೆ ಸಾಲಾಗಿ ಹೇಳಿಬಿಡುತ್ತವೆ. ಕಲಿಸಲು ಆ ಸಾಲು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಆರೂ ರೀತಿಗಳನ್ನು ಎರಡು ಪ್ರಶ್ನೆ ಕೇಳಿ ಬೇರ್ಪಡಿಸಬಹುದು. ಎಣಿಕೆ ಯಾರ ಮಾತಿಗೆ ಶುರುವಾಗುತ್ತದೆ, ಪ್ರೋಗ್ರಾಮಿನ ಮಾತಿಗೋ ಗೇಟಿನ ತಂತಿಗೋ? ಮುಗಿದಾಗ ಔಟ್ ತಂತಿ ಏನು ಮಾಡುತ್ತದೆ? ಇವೆರಡು ತಿಳಿದರೆ ಬಾಯಿಪಾಠ ಬೇಡ.

ರೀತಿ ಸೊನ್ನೆಯನ್ನು ನೋಡಿ. ಇದು ಗಳಿಗೆ ಬಟ್ಟಲೇ. ರೀತಿಯನ್ನು ಬರೆದ ಕೂಡಲೇ ಔಟ್ ತಂತಿ ಕೆಳಗೆ ಇಳಿಯುತ್ತದೆ. ಸಂಖ್ಯೆ ಬರೆದ ಮೇಲೆ ಎಣಿಕೆ ಶುರು. ಸೊನ್ನೆಗೆ ಬಂದಾಗ ಔಟ್ ಮೇಲೆ ಏರುತ್ತದೆ, ಏರಿ ಅಲ್ಲಿಯೇ ನಿಲ್ಲುತ್ತದೆ. ಯಾರಾದರೂ ಬಂದು ಹೊಸ ಸಂಖ್ಯೆ ಕೊಡುವತನಕ ಇಳಿಯುವುದಿಲ್ಲ. ಮುಳುಗಿದ ಬಟ್ಟಲು ತಾನಾಗಿ ಮೇಲೆ ಬರುತ್ತದೆಯೇ? ಯಾರಾದರೂ ಎತ್ತಿ ಮತ್ತೆ ತೇಲಿಬಿಡಬೇಕು. ಕಂಪ್ಯೂಟರಿಗೆ "ಹೊತ್ತಾಯಿತು, ಕೈಯಲ್ಲಿನ ಕೆಲಸ ಬಿಟ್ಟು ಇತ್ತ ನೋಡು" ಎಂದು ಹೇಳಲು ಈ ರೀತಿ. ಈ ನಡುವೆ ಗೇಟ್ ತಂತಿಯನ್ನು ಕೆಳಗೆ ಮಾಡಿದರೆ ಎಣಿಕೆ ಇದ್ದಲ್ಲೇ ನಿಲ್ಲುತ್ತದೆ, ಮೇಲೆ ಮಾಡಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಬಟ್ಟಲಿನ ತೂತಿಗೆ ಬೆರಳು ಒತ್ತಿ ಹಿಡಿದ ಹಾಗೆ. ಇನ್ನೊಂದು ಸೂಕ್ಷ್ಮವಿದೆ, ಪರೀಕ್ಷೆಯಲ್ಲಿ ಕೇಳುವಂಥದು. ಸಂಖ್ಯೆ ಬರೆದ ಮೇಲೆ ಮೊದಲ ಪೆಟ್ಟು ಆ ಸಂಖ್ಯೆಯನ್ನು ಒಳಗೆ ಕೂಡಿಸಲು ಖರ್ಚಾಗುತ್ತದೆ, ಎಣಿಸಲು ಅಲ್ಲ. ಆದ್ದರಿಂದ 100 ಬರೆದರೆ ಔಟ್ ಏರುವುದು 101ನೆಯ ಪೆಟ್ಟಿಗೆ.

ಬಟ್ಟಲಿನ ಪಕ್ಕದಲ್ಲಿ ಒಬ್ಬ ಆಳು ಕೂತು, ಮುಳುಗಿದ ಕೂಡಲೇ ಜಾಗಟೆಗೆ ಒಂದು ಪೆಟ್ಟು ಹೊಡೆದು ಬಟ್ಟಲನ್ನು ಮತ್ತೆ ತೇಲಿಬಿಟ್ಟರೆ? ಅದು ರೀತಿ ಎರಡು. ಇಲ್ಲಿ ಔಟ್ ತಂತಿ ಸದಾ ಮೇಲಿರುತ್ತದೆ. ಎಣಿಕೆ ಇಳಿದು ಇಳಿದು ಒಂದಕ್ಕೆ ಬಂದಾಗ ಒಂದೇ ಒಂದು ಪೆಟ್ಟಿನ ಹೊತ್ತು ಕೆಳಗಿಳಿದು ಮತ್ತೆ ಏರುತ್ತದೆ. ಅಷ್ಟರಲ್ಲಿ ಮೊದಲಿನ ಸಂಖ್ಯೆ ತಾನಾಗಿ ಮರಳಿ ತುಂಬಿಕೊಳ್ಳುತ್ತದೆ. ನೂರು ಕೊಟ್ಟರೆ ನೂರಕ್ಕೊಂದು ಪೆಟ್ಟು ಹೊರಗೆ ಬರುತ್ತದೆ, ವಿದ್ಯುತ್ ಇರುವತನಕ. ಬಂದ ಪೆಟ್ಟುಗಳನ್ನು ನಾವು ಕೊಟ್ಟ ಸಂಖ್ಯೆಯಿಂದ ಭಾಗಿಸಿ ಹೊರಗೆ ಬಿಡುವುದು ಎಂದೂ ಹೇಳಬಹುದು. ಒಂದರಿಂದ ಭಾಗಿಸುವುದು ಮಾತ್ರ ಇಲ್ಲಿ ನಡೆಯದು. ಕನಿಷ್ಠ ಎರಡು ಬೇಕು.

ರೀತಿ ಮೂರು ಇದರದೇ ತಮ್ಮ. ಇಲ್ಲಿಯೂ ಸಂಖ್ಯೆ ತಾನಾಗಿ ತುಂಬಿಕೊಳ್ಳುತ್ತದೆ, ಆದರೆ ಔಟ್ ತಂತಿ ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ. ನೂರು ಕೊಟ್ಟರೆ ಐವತ್ತು ಮೇಲೆ, ಐವತ್ತು ಕೆಳಗೆ. ಇದನ್ನೇ ಚೌಕದ ಅಲೆ ಎನ್ನುತ್ತಾರೆ. ಬೆಸ ಸಂಖ್ಯೆ ಕೊಟ್ಟರೆ ಏನಾಗುತ್ತದೆ? ಆಸ್ತಿ ಪಾಲು ಮಾಡುವಾಗ ಬೆಸ ಬಂದರೆ ಒಂದು ಎತ್ತು ಹಿರಿಯನಿಗೆ ಎಂಬಂತೆ, ಹೆಚ್ಚಿನ ಒಂದು ಪೆಟ್ಟು ಮೇಲಿನ ಪಾಲಿಗೆ. ಐದು ಕೊಟ್ಟರೆ ಮೂರು ಮೇಲೆ, ಎರಡು ಕೆಳಗೆ. ಈ ಅರ್ಧ ಅರ್ಧ ಮಾಡಲು ಚಿಪ್ ಒಳಗೆ ಎರಡೆರಡಾಗಿ ಇಳಿದು ಒಂದು ಎಣಿಕೆಗೆ ಎರಡು ಸುತ್ತು ಹಾಕುತ್ತದೆ. ಆದುದರಿಂದ ನಡುವೆ ಇಣುಕಿ ಎಷ್ಟಾಯಿತು ಎಂದು ಓದಿದರೆ, ಮೊದಲ ಅರ್ಧದಲ್ಲಿದ್ದೇವೆಯೋ ಎರಡನೆಯ ಅರ್ಧದಲ್ಲೋ ಎಂಬುದು ಓದಿದ ಅಂಕಿಯಿಂದ ತಿಳಿಯದು. ಹೊತ್ತನ್ನು ನಡುನಡುವೆ ಓದಬೇಕಾದ ಕೆಲಸಕ್ಕೆ ರೀತಿ ಎರಡನ್ನು ಇಟ್ಟುಕೊಳ್ಳಬೇಕು. ಧ್ವನಿಗೆ, ನಾದಕ್ಕೆ ರೀತಿ ಮೂರು.

ಉಳಿದ ಮೂರರಲ್ಲಿ ರೀತಿ ಒಂದು ನನಗೆ ಬಹಳ ಹಿಡಿಸಿದ್ದು. ಇದು ಗೇಟಿನ ತಂತಿಯ ಮಾತಿಗೆ ಶುರುವಾಗುವಂಥದು. ಮೆಟ್ಟಿಲಿನ ದೀಪಕ್ಕೆ ಒತ್ತುಗುಂಡಿ ಇರುತ್ತದಲ್ಲ, ಒತ್ತಿದರೆ ಎರಡು ನಿಮಿಷ ಹತ್ತಿ ತಾನಾಗಿ ಆರುವಂಥದು, ಅದೇ ಬಗೆ. ಸಂಖ್ಯೆಯನ್ನು ಮೊದಲೇ ಬರೆದಿಟ್ಟಿರುತ್ತೀರಿ, ಏನೂ ಆಗುವುದಿಲ್ಲ. ಗೇಟ್ ಕೆಳಗಿನಿಂದ ಮೇಲೆ ಏರಿದ ಕ್ಷಣಕ್ಕೆ ಎಣಿಕೆ ಶುರು, ಔಟ್ ಕೆಳಗೆ. ಎಣಿಕೆ ಮುಗಿದರೆ ಔಟ್ ಮೇಲೆ. ಎಣಿಕೆ ನಡೆದಿರುವಾಗಲೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ಮೊದಲಿನಿಂದ ಶುರು. ಈ ಕೊನೆಯ ಗುಣದಲ್ಲಿ ದೊಡ್ಡ ಉಪಯೋಗ ಅಡಗಿದೆ. ಮಗ್ಗದ ಪ್ರತಿ ಹೊಕ್ಕಿಗೂ ಒಂದು ಪೆಟ್ಟು ಗೇಟಿಗೆ ಹೋಗುವಂತೆ ಮಾಡಿ, ಎರಡು ಹೊಕ್ಕಿನ ನಡುವಿನ ಹೊತ್ತಿಗಿಂತ ಸ್ವಲ್ಪ ಹೆಚ್ಚಿನ ಸಂಖ್ಯೆ ಇಟ್ಟುಬಿಡಿ. ಹೊಕ್ಕು ತಪ್ಪದೆ ಬರುತ್ತಿದ್ದರೆ ಎಣಿಕೆ ಎಂದೂ ಮುಗಿಯುವುದಿಲ್ಲ, ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತದೆ, ಔಟ್ ಕೆಳಗೇ ಇರುತ್ತದೆ. ನೂಲು ಹರಿದು ಒಂದು ಪೆಟ್ಟು ಬರದೆ ಹೋಯಿತೋ, ಎಣಿಕೆ ಮುಗಿದು ಔಟ್ ಏರುತ್ತದೆ. ಆ ಏರಿಕೆಯಿಂದ ಮೋಟಾರನ್ನು ನಿಲ್ಲಿಸಬಹುದು. ರಾತ್ರಿ ಪಾಳಿಯಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುವ ಒಬ್ಬ ನೇಕಾರನಿಗೆ ಇದು ಎಷ್ಟು ಬೆಲೆಯದು ಎಂದು ನಾನು ಹೇಳಬೇಕಾಗಿಲ್ಲ. ಊರಿನ ಕಾವಲುಗಾರ ತಾಸಿಗೊಮ್ಮೆ ಕೋಲು ಬಡಿಯುತ್ತಿದ್ದರೆ ನಿದ್ದೆ, ಬಡಿತ ಕೇಳದಿದ್ದರೆ ಎಚ್ಚರ. ಅದೇ ತತ್ವ.

ರೀತಿ ನಾಲ್ಕು ಮತ್ತು ಐದನ್ನು ಬೇಗ ಮುಗಿಸುತ್ತೇನೆ. ಎರಡರಲ್ಲೂ ಔಟ್ ಮೇಲೆಯೇ ಇದ್ದು, ಎಣಿಕೆ ಮುಗಿದಾಗ ಒಂದು ಪೆಟ್ಟಿನ ಹೊತ್ತು ಇಳಿದು ಏರುತ್ತದೆ, ಬಾಗಿಲಿಗೆ ಒಂದು ಸಲ ತಟ್ಟಿ ಹೋದ ಹಾಗೆ. ತಾನಾಗಿ ಮತ್ತೆ ಶುರುವಾಗುವುದಿಲ್ಲ. ಪ್ರೋಗ್ರಾಮ್ ಸಂಖ್ಯೆ ಬರೆದಾಗ ಶುರುವಾದರೆ ನಾಲ್ಕು, ಗೇಟ್ ಏರಿದಾಗ ಶುರುವಾದರೆ ಐದು. ರೀತಿ ಸೊನ್ನೆಗೂ ನಾಲ್ಕಕ್ಕೂ ಭೇದ ಇಷ್ಟೇ: ಸೊನ್ನೆಯಲ್ಲಿ ಬಂದವನು ಬಾಗಿಲಲ್ಲಿ ನಿಂತೇ ಇರುತ್ತಾನೆ, ನಾಲ್ಕರಲ್ಲಿ ತಟ್ಟಿ ಹೋಗಿಬಿಡುತ್ತಾನೆ. ಟವೆಲಿನ ಅಂಚು ಕಣ್ಣಿಗೆ ಬಿದ್ದ ಇಷ್ಟು ಹೊತ್ತಿಗೆ ಸರಿಯಾಗಿ ಕತ್ತರಿ ಬೀಳಬೇಕು ಎಂಬಂಥ ಕಡೆ ಐದು.

ಇನ್ನು ಈ ರೀತಿಯನ್ನು ಚಿಪ್ಪಿಗೆ ತಿಳಿಸುವುದು ಹೇಗೆ? ಎಂಟು ಮನೆಗಳ ಒಂದು ಆಜ್ಞಾಪದ ಬರೆಯಬೇಕು. ಬ್ಯಾಂಕಿನ ಚಲನ್ ತುಂಬಿದ ಹಾಗೆ ಎಂದುಕೊಳ್ಳಿ. ಎಡಗಡೆಯ ಎರಡು ಮನೆ ಯಾವ ಎಣಿಕೆಗಾರ ಎಂಬುದಕ್ಕೆ. ಮುಂದಿನ ಎರಡು ಮನೆ, ಸಂಖ್ಯೆಯ ಕೆಳ ಅರ್ಧವನ್ನು ಮಾತ್ರ ಕೊಡುತ್ತೀರೋ, ಮೇಲಿನ ಅರ್ಧ ಮಾತ್ರವೋ, ಮೊದಲು ಕೆಳಗಿನದು ಆಮೇಲೆ ಮೇಲಿನದು ಎಂದು ಎರಡನ್ನೂ ಕೊಡುತ್ತೀರೋ ಎಂಬುದಕ್ಕೆ. ಆಮೇಲಿನ ಮೂರು ಮನೆ ರೀತಿಗೆ. ಕೊನೆಯ ಒಂದು ಮನೆ ದ್ವಿಮಾನವೋ ದಶಮಾನವೋ ಎಂಬುದಕ್ಕೆ. ಮೂರು ಮನೆಯಲ್ಲಿ ಎಂಟು ಬಗೆ ಬರೆಯಬಹುದು, ರೀತಿಗಳು ಆರೇ, ಉಳಿದೆರಡು ಏನಾದವು ಎಂದು ಚುರುಕಾದ ಹುಡುಗರು ಕೇಳಬೇಕು. ಆ ಎರಡು ಬರೆದರೂ ಚಿಪ್ ಅವನ್ನು ರೀತಿ ಎರಡು ಮತ್ತು ಮೂರು ಎಂದೇ ತಿಳಿದುಕೊಳ್ಳುತ್ತದೆ.

ಸಂಖ್ಯೆಯನ್ನು ಓದುವಲ್ಲಿ ಒಂದು ಮೋಸವಿದೆ. ಹದಿನಾರು ಮನೆಯ ಸಂಖ್ಯೆಯನ್ನು ಎಂಟು ಮನೆಯ ಎರಡು ಕಂತಿನಲ್ಲಿ ಓದಬೇಕು, ಎಣಿಕೆ ಮಾತ್ರ ನಿಲ್ಲದೆ ನಡೆದೇ ಇರುತ್ತದೆ. ದಶಮಾನದಲ್ಲಿ ಉದಾಹರಣೆ ಕೊಡುತ್ತೇನೆ. ಒಳಗೆ 0500 ಇದೆ. ನೀವು ಮೊದಲು ಕೆಳಗಿನ ಎರಡಂಕಿ ಓದಿದಿರಿ, ಸೊನ್ನೆ ಸೊನ್ನೆ. ಮೇಲಿನ ಎರಡಂಕಿ ಓದುವಷ್ಟರಲ್ಲಿ ಒಂದು ಪೆಟ್ಟು ಬಿತ್ತು, ಒಳಗೆ 0499 ಆಯಿತು. ಈಗ ಓದಿದರೆ ಸೊನ್ನೆ ನಾಲ್ಕು. ಎರಡನ್ನೂ ಕೂಡಿಸಿದರೆ 0400. ಒಳಗೆ ಎಂದೂ ಇಲ್ಲದಿದ್ದ ಅಂಕಿ ನಿಮ್ಮ ಕೈಗೆ ಬಂತು, ಸುಮಾರು ನೂರರ ವ್ಯತ್ಯಾಸ. ಗಲ್ಲೆಯ ಎದುರು ಜನ ಹಣ ಕಟ್ಟುತ್ತಿರುವಾಗಲೇ ಹಿಂದಿನಿಂದ ರೊಕ್ಕ ಎಣಿಸಲು ಕೂತರೆ ಲೆಕ್ಕ ಕೂಡೀತೇ? ಇದಕ್ಕಾಗಿ ಲ್ಯಾಚ್ ಎಂಬ ಆಜ್ಞೆ ಇದೆ. ಅದನ್ನು ಬರೆದರೆ ಆ ಕ್ಷಣದ ಸಂಖ್ಯೆಯ ಒಂದು ಫೋಟೊ ಬೇರೆ ಕಡೆ ನಿಲ್ಲುತ್ತದೆ. ಎಣಿಕೆ ತನ್ನ ಪಾಡಿಗೆ ನಡೆಯುತ್ತದೆ, ನೀವು ಫೋಟೊವನ್ನು ನಿಧಾನವಾಗಿ ಎರಡು ಕಂತಿನಲ್ಲಿ ಓದಿಕೊಳ್ಳಿ. ಪ್ರಯೋಗಶಾಲೆಯಲ್ಲಿ ಇದನ್ನು ಬಿಟ್ಟು ಓದಿದವರಿಗೆ ನೂರರಲ್ಲಿ ಒಂದೆರಡು ಸಲ ಮಾತ್ರ ತಪ್ಪು ಬರುತ್ತದೆ. ಯಾವಾಗಲೂ ಬರುವ ತಪ್ಪಿಗಿಂತ ಒಮ್ಮೊಮ್ಮೆ ಬರುವ ತಪ್ಪು ಕೆಟ್ಟದ್ದು, ಹುಡುಕಿದಾಗ ಸಿಕ್ಕುವುದಿಲ್ಲ.

ಇಷ್ಟು ಹೊತ್ತು ಬರೀ ಗುಣವರ್ಣನೆ ಆಯಿತು. ಈ ಚಿಪ್ ನಿಜವಾಗಿ ದುಡಿದ ಒಂದು ಮನೆಗೆ ಹೋಗೋಣ. 1981ರ ಆಗಸ್ಟಿನಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅದರೊಳಗೆ 8253 ಇತ್ತು. ಆ ಯಂತ್ರದ ಮೂಲ ಹರಳು ಸೆಕೆಂಡಿಗೆ ಒಂದು ಕೋಟಿ ನಲವತ್ತಮೂರು ಲಕ್ಷದ ಮೇಲೆ, ಅಂದರೆ 14.31818 ಮೆಗಾಹರ್ಟ್ಸ್. ಇಂಥ ಸೊಟ್ಟ ಅಂಕಿ ಯಾಕೆ ಬಂತು? ಅದು ಅಮೆರಿಕದ ಬಣ್ಣದ ಟೀವಿಗೆ ಬೇಕಾದ ಬಣ್ಣದ ಸಂಕೇತದ ಸರಿಯಾಗಿ ನಾಲ್ಕು ಪಟ್ಟು. ಒಂದೇ ಹರಳಿನಲ್ಲಿ ಟೀವಿಯ ಬಣ್ಣವೂ ಕಂಪ್ಯೂಟರಿನ ನಡೆಯೂ ಆಗಲಿ ಎಂಬ ಉಳಿತಾಯದ ಲೆಕ್ಕ. ಅದನ್ನು ಮೂರರಿಂದ ಭಾಗಿಸಿ ಪ್ರೊಸೆಸರಿಗೆ ಕೊಟ್ಟರು, ಹನ್ನೆರಡರಿಂದ ಭಾಗಿಸಿ ನಮ್ಮ ಎಣಿಕೆಗಾರರಿಗೆ ಕೊಟ್ಟರು. ಅದು ಸೆಕೆಂಡಿಗೆ 1193182 ಪೆಟ್ಟು.

ಎಣಿಕೆಗಾರ ಸೊನ್ನೆಗೆ ಯಂತ್ರದ ಗಡಿಯಾರದ ಕೆಲಸ. ಅವನಿಗೆ ರೀತಿ ಮೂರು, ಸಂಖ್ಯೆ ಅತಿ ದೊಡ್ಡದಾದ 65536. ಭಾಗಿಸಿದರೆ ಸೆಕೆಂಡಿಗೆ 18.2 ಸಲ ಪ್ರೊಸೆಸರಿನ ಭುಜ ತಟ್ಟುತ್ತಾನೆ, ಒಂದೊಂದು ತಟ್ಟಿಗೆ ಸುಮಾರು 55 ಮಿಲಿಸೆಕೆಂಡು. ಎಣಿಕೆಗಾರ ಒಂದಕ್ಕೆ ಸ್ಮೃತಿಯನ್ನು ಕಾಯುವ ಕೆಲಸ. ಆ ಕಾಲದ ನೆನಪಿನ ಚಿಪ್ಪುಗಳು ಸೋರುವ ಗಡಿಗೆಯಂಥವು, ಎರಡು ಮಿಲಿಸೆಕೆಂಡಿನೊಳಗೆ ಪ್ರತಿ ಸಾಲಿಗೂ ಒಮ್ಮೆ ಮರುತುಂಬದಿದ್ದರೆ ಬರೆದದ್ದು ಅಳಿಯುತ್ತದೆ. 128 ಸಾಲುಗಳಿದ್ದವು. ಅವನಿಗೆ ರೀತಿ ಎರಡು, ಸಂಖ್ಯೆ 18 ಮಾತ್ರ. ಸುಮಾರು 15 ಮೈಕ್ರೊಸೆಕೆಂಡಿಗೊಮ್ಮೆ ಒಂದು ಸಾಲು ತುಂಬಿಸು ಎಂದು ಹೇಳುತ್ತಿದ್ದ. 128 ಸಾಲಿಗೆ ಲೆಕ್ಕ ಹಾಕಿ ನೋಡಿ, ಎರಡು ಮಿಲಿಸೆಕೆಂಡಿಗೆ ತುಸು ಒಳಗೇ ಮುಗಿಯುತ್ತದೆ. ಎಣಿಕೆಗಾರ ಎರಡಕ್ಕೆ ಸ್ಪೀಕರಿನ ಕೆಲಸ, ರೀತಿ ಮೂರು. ಯಂತ್ರ ಚಾಲೂ ಆದಾಗ ಬೀಪ್ ಎನ್ನುತ್ತಿದ್ದದ್ದು 1331 ಎಂಬ ಸಂಖ್ಯೆಯ ನಾದ, ಸೆಕೆಂಡಿಗೆ ಸುಮಾರು 896 ಅಲೆ. ಹಾಡು ಬಲ್ಲವರು ಹೀಗೆ ಆಡಿ ನೋಡಬಹುದು: 4972 ಬರೆದರೆ 240 ಅಲೆಯ ಷಡ್ಜ, 3314 ಬರೆದರೆ 360 ಅಲೆಯ ಪಂಚಮ, 2486 ಬರೆದರೆ 480 ಅಲೆಯ ಮೇಲಿನ ಷಡ್ಜ. ಸಂಖ್ಯೆ ಸಣ್ಣದಾದಷ್ಟೂ ಸ್ವರ ಏರುತ್ತದೆ, ಕೊಳಲಿನ ಉದ್ದ ಕಡಿಮೆಯಾದಷ್ಟೂ ಸ್ವರ ಏರುವ ಹಾಗೆ. ಈ ಮೂವರಲ್ಲಿ ಗೇಟ್ ತಂತಿಯನ್ನು ಪ್ರೋಗ್ರಾಮಿನ ಕೈಗೆ ಕೊಟ್ಟದ್ದು ಎರಡನೆಯವನದು ಮಾತ್ರ. ಉಳಿದಿಬ್ಬರ ಗೇಟನ್ನು ಮೇಲಕ್ಕೇ ಕಟ್ಟಿಬಿಟ್ಟಿದ್ದರು. ಹಾಗಾಗಿ ಗೇಟ್ ಏರಿದಾಗ ಶುರುವಾಗುವ ಒಂದು ಮತ್ತು ಐದನೆಯ ರೀತಿಗಳು ಅವರ ಹತ್ತಿರ ನಡೆಯುವಂತಿರಲಿಲ್ಲ.

18.2 ಎಂಬ ಪೂರ್ಣವಲ್ಲದ ಅಂಕಿಯ ಪರಿಣಾಮ ಕೇಳಿ. ಒಂದು ದಿನಕ್ಕೆ ಎಷ್ಟು ತಟ್ಟು ಎಂದು ಯಂತ್ರದ ಒಳಗೆ ಬರೆದಿಟ್ಟ ಅಂಕಿ 1573040. ಅಷ್ಟಾದಾಗ ಮಧ್ಯರಾತ್ರಿ ಎಂದು ತಿಳಿದು ಎಣಿಕೆಯನ್ನು ಸೊನ್ನೆ ಮಾಡಿ, "ದಿನ ಬದಲಾಯಿತು" ಎಂದು ಒಂದು ಗುರುತು ಹಾಕಿಡುತ್ತಿತ್ತು. ಆಮೇಲೆ ಡಾಸ್ ಎಂಬ ಮೇಲ್ವಿಚಾರಕ ತಾರೀಖು ಕೇಳಿದಾಗ ಆ ಗುರುತು ನೋಡಿ ಒಂದು ದಿನ ಮುಂದೆ ಹಾಕುತ್ತಿದ್ದ. ಗಮನಿಸಿ, ಅದು ಗುರುತು, ಎಣಿಕೆಯಲ್ಲ. ಯಂತ್ರವನ್ನು ಹಾಗೆಯೇ ಚಾಲೂ ಬಿಟ್ಟು ನಡುವೆ ಯಾರೂ ತಾರೀಖು ಕೇಳದೆ ಎರಡು ಮಧ್ಯರಾತ್ರಿ ದಾಟಿದರೆ, ಗುರುತಿನ ಮೇಲೆ ಗುರುತು ಬಿದ್ದು ಒಂದೇ ದಿನ ಮುಂದೆ ಹೋಗುತ್ತಿತ್ತು. ಗೋಡೆಗೆ ಒಂದು ಗೆರೆ ಎಳೆಯುವ ಬದಲು ಒಂದೇ ದೀಪ ಹಚ್ಚಿಟ್ಟರೆ, ಎರಡನೆಯ ಸಲ ಹಚ್ಚಲು ಬಂದವನು ಹತ್ತಿದ ದೀಪವನ್ನೇ ಹಚ್ಚಿ ಹೋದಂತೆ. ಬ್ಯಾಂಕಿನಲ್ಲಿ ಒಂದು ದಿನ ಎಂದರೆ ಅಷ್ಟೂ ಖಾತೆಗಳ ಒಂದು ದಿನದ ಬಡ್ಡಿ. 1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳನ್ನು ಸೂಚಿಸಿದ ಮೇಲೆ ಶಾಖೆಗಳಿಗೆ ಯಂತ್ರ ಬಂದವು. ಸೋಮವಾರ ಬೆಳಿಗ್ಗೆ ಪರದೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿಗೆ ತಾಳೆ ನೋಡಿಯೇ ಕೆಲಸಕ್ಕೆ ಕೈ ಹಾಕುವುದು ನಮ್ಮಂಥವರ ರೂಢಿಯಾಗಿತ್ತು. ಹೊಸದಾಗಿ ಬಂದ ಪದವೀಧರರು ಇದನ್ನು ನೋಡಿ ನಗುತ್ತಿದ್ದರು. ನಗಲಿ.

ಇನ್ನೊಂದು ಸಂಗತಿ, ನಮ್ಮಂಥ ಲೋಡ್ ಶೆಡ್ಡಿಂಗ್ ಊರಿನವರಿಗೆ. ವಿದ್ಯುತ್ ಹೋದರೆ 8253 ಎಲ್ಲವನ್ನೂ ಮರೆಯುತ್ತದೆ. ಮರಳಿ ಬಂದಾಗ ಯಾವ ರೀತಿ, ಯಾವ ಸಂಖ್ಯೆ, ಔಟ್ ಮೇಲೋ ಕೆಳಗೋ, ಯಾವುದಕ್ಕೂ ಖಾತ್ರಿಯಿಲ್ಲ. ಹೊಸದಾಗಿ ಆಜ್ಞಾಪದ ಬರೆಯುವತನಕ ಅದರ ಔಟ್ ತಂತಿಯನ್ನು ನಂಬಿ ಮೋಟಾರ್ ಚಾಲೂ ಮಾಡುವ ಹಾಗೆ ಜೋಡಿಸಬಾರದು. ಬಾವಿಯ ಪಂಪಿಗೆ ಪ್ರಾಜೆಕ್ಟ್ ಮಾಡುವ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ, ನೀರಿಲ್ಲದ ಬಾವಿಯಲ್ಲಿ ಪಂಪ್ ತಾನಾಗಿ ಚಾಲೂ ಆದರೆ ಸುಡುವುದು ನಿಮ್ಮ ಅಪ್ಪನ ಮೋಟಾರ್. 1984ರ ಐಬಿಎಂ ಎಟಿ ಯಂತ್ರದಲ್ಲಿ ತಾರೀಖು ಕಾಯಲು ಬ್ಯಾಟರಿಯ ಬೇರೊಂದು ಗಡಿಯಾರದ ಚಿಪ್ ಇಟ್ಟದ್ದು ಈ ಮರೆವಿನ ಕಾರಣಕ್ಕೇ. ಅದೇ ಎಟಿಯಲ್ಲಿ 8253ರ ಜಾಗಕ್ಕೆ ಅದರ ತಮ್ಮ 8254 ಬಂತು. ಆರು ರೀತಿಗಳು ಅವೇ. ಹೆಚ್ಚು ವೇಗದ ಪೆಟ್ಟು ತಡೆಯುತ್ತದೆ, ಜೊತೆಗೆ ಔಟ್ ಮೇಲಿದೆಯೋ ಕೆಳಗಿದೆಯೋ, ಯಾವ ರೀತಿಯಲ್ಲಿದೆ ಎಂಬುದನ್ನೂ ಓದಿ ಹೇಳುವ ಒಂದು ಆಜ್ಞೆ ಸೇರಿತು. ಮುಂದೆ ಈ ಚಿಪ್ ಬೇರೆಯಾಗಿ ಕಾಣದೆ ದೊಡ್ಡ ಚಿಪ್ಪುಗಳ ಹೊಟ್ಟೆಯೊಳಗೆ ಸೇರಿಕೊಂಡಿತು. ಗಡಿಯಾರದ ಕೆಲಸಕ್ಕೆ ಹೊಸ ಸಾಧನಗಳು ಬಂದ ಮೇಲೂ ಹಳೆಯ 8254ರ ನಡೆ ಅರಿತ ಒಂದು ಮೂಲೆಯನ್ನು ಅನೇಕ ಕಂಪ್ಯೂಟರುಗಳಲ್ಲಿ ಉಳಿಸಿಕೊಂಡು ಬಂದಿದ್ದಾರೆ.

ಪ್ರಯೋಗಶಾಲೆಗೆ ಹೋಗುವ ಮಕ್ಕಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮೂರು ಎಣಿಕೆಗಾರರನ್ನು ಸರಪಳಿ ಕಟ್ಟಿ ಗಳಿಗೆ ಬಟ್ಟಲನ್ನೇ ಮಾಡಿ. ಒಬ್ಬನಿಂದ ಇದು ಆಗದು, 65536 ಪೆಟ್ಟು ಎಂದರೆ ಸೆಕೆಂಡಿನ ಒಂದು ಚೂರು ಮಾತ್ರ. ಎಣಿಕೆಗಾರ ಸೊನ್ನೆಗೆ ಒಂದು ಮೆಗಾಹರ್ಟ್ಸ್ ಕ್ಲಾಕ್ ಕೊಡಿ, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಪೆಟ್ಟು. ದಶಮಾನ, ರೀತಿ ಎರಡು, ಆಜ್ಞಾಪದ 35 ಹೆಕ್ಸ್. ಸಂಖ್ಯೆ 0000 ಬರೆಯಿರಿ, ದಶಮಾನದಲ್ಲಿ ಅದಕ್ಕೆ ಹತ್ತು ಸಾವಿರ ಎಂದು ಅರ್ಥ. ಅವನ ಔಟಿನಲ್ಲಿ ಸೆಕೆಂಡಿಗೆ ನೂರು ಪೆಟ್ಟು ಬರುತ್ತವೆ. ಆ ತಂತಿಯನ್ನು ಎಣಿಕೆಗಾರ ಒಂದರ ಕ್ಲಾಕಿಗೆ ಕೊಡಿ. ಅವನಿಗೂ ರೀತಿ ಎರಡು, ಆಜ್ಞಾಪದ 75 ಹೆಕ್ಸ್, ಸಂಖ್ಯೆ 0100. ಅವನ ಔಟಿನಲ್ಲಿ ಸೆಕೆಂಡಿಗೆ ಒಂದು ಪೆಟ್ಟು. ಅದನ್ನು ಎಣಿಕೆಗಾರ ಎರಡಕ್ಕೆ ಕೊಡಿ. ಅವನಿಗೆ ರೀತಿ ಸೊನ್ನೆ, ಆಜ್ಞಾಪದ ಬಿ1 ಹೆಕ್ಸ್. 24 ನಿಮಿಷಕ್ಕೆ 1440 ಸೆಕೆಂಡು, ಆದರೆ ಮೊದಲ ಪೆಟ್ಟು ಕೂಡಿಸಲು ಖರ್ಚಾಗುತ್ತದೆ ಎಂದೆನಲ್ಲ, ಅದಕ್ಕಾಗಿ ಬರೆಯಬೇಕಾದದ್ದು 1439. ಮೊದಲು 39, ಆಮೇಲೆ 14. ಮೂರೂ ಗೇಟುಗಳನ್ನು ಐದು ವೋಲ್ಟಿಗೆ ಕಟ್ಟಿರಿ. ಕೊನೆಯ ಔಟಿಗೆ ಸರಿಯಾದ ರೋಧದ ಜೊತೆ ಒಂದು ಸಣ್ಣ ದೀಪ ಜೋಡಿಸಿ. ನೀವು ಸಂಖ್ಯೆ ಬರೆದ ಕ್ಷಣಕ್ಕೂ ಮೊದಲ ಸೆಕೆಂಡಿನ ಪೆಟ್ಟಿಗೂ ನಡುವೆ ಒಂದು ಸೆಕೆಂಡಿನೊಳಗಿನ ಅಂತರ ಇದ್ದೇ ಇರುತ್ತದೆ, ಅಷ್ಟರಮಟ್ಟಿಗೆ ಹಿಂದೆಮುಂದೆ ಆಗಬಹುದು. ಸೆಕೆಂಡು ಮುಳ್ಳಿರುವ ಕೈಗಡಿಯಾರ ಎದುರಿಗಿಟ್ಟುಕೊಂಡು ಕೂತು ನೋಡಿ. ಪರೀಕ್ಷಕರು ಇದನ್ನು ಎಲ್ಲಿ ಬಳಸುತ್ತೀ ಎಂದು ಕೇಳಿದರೆ ಮರಾಠಿಯಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಹೇಳಿ, ಮನಸ್ಸಿನಲ್ಲಿ ಮಾತ್ರ ಬಟ್ಟಲು ತೇಲುತ್ತಿರಲಿ.